ಹದಿನೇಳನೆಯ ಪೆಟ್ಟಿಗೆ

"ಇದ್ರಲ್ಲೇನಿದೆ?" ಎಂದು ಕೇಳಿದ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯ ಭಾವಮೈದುನ, ಬಲಗಾಲನ್ನು ಪೆಟ್ಟಿಗೆಯ ಮೇಲಿಟ್ಟು.

ಗಂಟುಮಾವ ಮೊದಲು ಆ ಕಾಲನ್ನು ನೋಡಿದ, ಆಮೇಲೆ ಕಾಲಿನ ಯಜಮಾನನನ್ನು. "ಗೋಲ್‌ಕೀಪರುಗಳ ಕೈಗವಸು. ಕಾಲು ತೆಗೀರಿ, ಮುಚ್ಚಳ ತೆಳು."

ಭಾವಮೈದುನ ಕಾಲು ತೆಗೆದ, ಆದರೆ ನಿಧಾನವಾಗಿ. ಕೈಯಲ್ಲಿ ಹೊಸ ಪಾಸ್‌ಪೋರ್ಟು. ಅದನ್ನು ಬೀಸಣಿಗೆಯ ಹಾಗೆ ಮುಖಕ್ಕೆ ಬೀಸಿಕೊಳ್ಳುತ್ತಿದ್ದ. ಸ್ಟೇಡಿಯಂ ಮೆಟ್ಟಿಲುಗಳ ಕೆಳಗಿನ ಆ ಉಗ್ರಾಣದಲ್ಲಿ ಗಾಳಿ ಆಡುತ್ತಿರಲಿಲ್ಲ. ಚಾವಣಿ ಇಳಿಜಾರಾಗಿದ್ದುದರಿಂದ ಒಳಗೆ ಬಂದವರೆಲ್ಲ ತಲೆ ತಗ್ಗಿಸಲೇಬೇಕು. ಇಪ್ಪತ್ತೆರಡು ವರ್ಷ ಹಾಗೆ ತಗ್ಗಿಸಿ ತಗ್ಗಿಸಿ ಗಂಟುಮಾವನ ಕುತ್ತಿಗೆ ಹೊರಗೆ ಬಂದರೂ ನೆಟ್ಟಗಾಗುತ್ತಿರಲಿಲ್ಲ.

ರಾಷ್ಟ್ರೀಯ ತಂಡದ ಅಂಗಿ, ಚಡ್ಡಿ, ಬೂಟು, ಚೆಂಡು, ಪಟ್ಟಿ ಎಲ್ಲದರ ಜವಾಬ್ದಾರಿ ಅವನದು. ಒಗೆಸುವುದು, ಹೊಲಿಸುವುದು, ಎಣಿಸುವುದು, ಗಂಟು ಕಟ್ಟುವುದು, ಹೊರುವುದು. ಯಾವ ಕಾಲದಲ್ಲೋ ಒಬ್ಬ ಆಟಗಾರ ತಮಾಷೆಗೆ ಇಟ್ಟ ಹೆಸರು ಅವನ ನಿಜವಾದ ಹೆಸರನ್ನು ನುಂಗಿಹಾಕಿತ್ತು. ತಂಡ ಸೋತಾಗಲೆಲ್ಲ ಅವನೂ ಸೋತಿದ್ದ, ಮತ್ತು ತಂಡ ಬಹಳ ಸಲ ಸೋತಿತ್ತು. ಕಳೆದ ವರ್ಷ ಮಾತ್ರ ಯಾರೂ ಕನಸಲ್ಲೂ ಎಣಿಸದಿದ್ದುದು ನಡೆದುಹೋಯಿತು. ಪೆನಾಲ್ಟಿಯವರೆಗೆ ಎಳೆದ ಫೈನಲ್‌ನಲ್ಲಿ, ತಂಡದವರೆಲ್ಲ ಕೊಕ್ಕರೆ ಎಂದು ಕರೆಯುವ ಉದ್ದಕಾಲಿನ ಗೋಲ್‌ಕೀಪರ್ ಎರಡು ಚೆಂಡು ತಡೆದ. ತಂಡ ಖಂಡದ ಚಾಂಪಿಯನ್ ಆಯಿತು.

ಅದರಿಂದಲೇ ಹೊರದೇಶದ ಈ ಪಂದ್ಯಾವಳಿಗೆ ಕರೆ ಬಂದದ್ದು. ಪ್ರತಿ ಖಂಡದಲ್ಲೂ ಗೆದ್ದ ಒಂದೊಂದು ದೇಶ, ಜೊತೆಗೆ ವಿಶ್ವಕಪ್ ಗೆದ್ದವರು, ಪಂದ್ಯಾವಳಿ ನಡೆಸುವವರು, ಹೀಗೆ ಎಂಟೇ ತಂಡಗಳ ಕಪ್. ಗಂಟುಮಾವ ಒಂಬತ್ತು ತಿಂಗಳು ಆ ಕಪ್ಪಿನ ಧ್ಯಾನದಲ್ಲೇ ಕಳೆದಿದ್ದ. ಹೆಂಡತಿಯಿಂದ ಹೊಸ ಸ್ವೆಟರ್ ಹೆಣೆಸಿಕೊಂಡಿದ್ದ. ಹೋಗುವವರ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕಾರ್ಯದರ್ಶಿಯ ಹೆಂಡತಿ ಇದ್ದಳು, ಕಾರ್ಯದರ್ಶಿಯ ಭಾವಮೈದುನ 'ಸಾಮಗ್ರಿ ವ್ಯವಸ್ಥಾಪಕ' ಎಂಬ ಹೆಸರಿನಲ್ಲಿ ಇದ್ದ, ಗಂಟುಮಾವ ಇರಲಿಲ್ಲ.

ಕೋಚ್ ಬೇಜಾರು ಮಾಡಿಕೊಂಡ. "ನನ್ನ ಕೈಲೇನಿದೆ ಹೇಳು" ಎಂದು ಕೈ ಎರಡನ್ನೂ ತೋರಿಸಿದ. ಕ್ಯಾಪ್ಟನ್, "ನಾನು ಮಾತಾಡ್ತೀನಿ ಮಾವ, ನೀವು ತಲೆ ಕೆಡಿಸ್ಕೋಬೇಡಿ" ಎಂದ. ಆಮೇಲೆ ನಾಲ್ಕು ದಿನ ಗಂಟುಮಾವ ಎದುರಾದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಫೋನು ಬರತೊಡಗಿತು. ಕೊಕ್ಕರೆ ಒಬ್ಬನೇ ನೇರವಾಗಿ ಕಾರ್ಯದರ್ಶಿಯ ಕೋಣೆಗೆ ಹೋಗಿ ಕೇಳಿದ್ದ. "ಆಟ ಆಡೋದು ನಿನ್ನ ಕೆಲಸ, ಅದು ಮಾಡು" ಅನ್ನಿಸಿಕೊಂಡು ಬಂದಿದ್ದ. ಅದು ಗಂಟುಮಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ನಡೆದದ್ದು ನಡೆಯಿತು.

"ಒಟ್ಟು ಎಷ್ಟು ಪೆಟ್ಟಿಗೆ?" ಎಂದ ಭಾವಮೈದುನ.

"ಹದಿನೇಳು. ಹದಿನಾರು ಇಲ್ಲಿವೆ. ಹದಿನೇಳನೇದು ಬಾಗಿಲ ಹಿಂದೆ, ಮಳೆ ಬೂಟಿನದು. ಅದು ಮರೀಬೇಡಿ. ಅಡೀಲಿ ಉದ್ದ ಮೊಳೆ ಇರೋ ಬೂಟು. ಹುಲ್ಲು ನೆಂದು ಜಾರೋಕೆ ಶುರುವಾದ್ರೆ ಅದಿಲ್ದೆ ನಿಲ್ಲೋಕಾಗಲ್ಲ."

"ಹ್ಞೂ, ಹ್ಞೂ" ಎಂದ ಭಾವಮೈದುನ. ಅಷ್ಟರಲ್ಲಿ ಫೋನು ಬಂತು. ಅಲ್ಲಿ ಎಷ್ಟು ಚಳಿ ಇರುತ್ತದೆ, ಕೊಳ್ಳಲು ಎಲ್ಲಿ ಹೋಗಬೇಕು ಎಂದು ಯಾರೊಡನೆಯೋ ಮಾತಾಡುತ್ತ, ತಲೆ ತಗ್ಗಿಸಲು ಮರೆತು, ತೊಲೆಗೆ ಹಣೆ ಬಡಿಸಿಕೊಂಡು ಹೊರಗೆ ಹೋದ. ಅದೊಂದು ಕ್ಷಣ ಗಂಟುಮಾವನಿಗೆ ಹಾಯೆನಿಸಿತು.

ಸೋಮವಾರ ತಂಡ ಹೊರಟಿತು. ಹೊಟ್ಟೆನೋವೆಂದು ಹೇಳಿ ಗಂಟುಮಾವ ಮನೆಯಲ್ಲೇ ಮಲಗಿದ. ಮಂಗಳವಾರ ಬಂದು ಉಗ್ರಾಣದ ಬೀಗ ತೆಗೆದ. ಪೆಟ್ಟಿಗೆಗಳಿದ್ದ ಜಾಗದಲ್ಲಿ ಧೂಳಿಲ್ಲದ ಚೌಕಗಳು ಸಾಲಾಗಿ ಬಿದ್ದಿದ್ದವು. ಗುಡಿಸೋಣವೆಂದು ಪೊರಕೆಗೆ ಕೈಹಾಕಿ ಬಾಗಿಲು ಸರಿಸಿದಾಗ ಹಿಂದೆ ಮಳೆ ಪೆಟ್ಟಿಗೆ ಇದ್ದಲ್ಲೇ ಇತ್ತು.

ಅವನು ಪೊರಕೆ ಬಿಸಾಕಿ ಓಡಿದ. ಕಾರ್ಯಾಲಯದ ಫೋನು ಎರಡನೇ ಮಹಡಿಯಲ್ಲಿತ್ತು. ಅವರ ಊರಲ್ಲಿ ಮಳೆಯೆಂದರೆ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು, ಆ ಬೂಟುಗಳ ನೆನಪು ಅಲ್ಲಿ ಇನ್ನಾರಿಗೂ ಬರುವಂತಿಲ್ಲ. ದೊಡ್ಡ ದೇಶಗಳ ಆಟಗಾರರ ಹಾಗೆ ತಲೆಗೆ ಎರಡೆರಡು ಜೊತೆ ಬೂಟು ಇಟ್ಟುಕೊಳ್ಳುವ ಹುಡುಗರೂ ಇವರಲ್ಲ. ಮೆಟ್ಟಿಲ ತಿರುವಿನಲ್ಲಿ ಉಸಿರು ಕಟ್ಟಿ ಅವನು ಮೆಟ್ಟಿಲ ಕಂಬಿ ಹಿಡಿದು ನಿಂತ. ಗೋಡೆಯ ಮೇಲೆ ತಂಡದ ಹೊಸ ಫೋಟೋ ಹಾಕಿದ್ದರು, ಹೊರಡುವ ಮುಂಚೆ ತೆಗೆಸಿದ್ದು. ಹಿಂದಿನ ಸಾಲಿನ ಎಡತುದಿ ಇಪ್ಪತ್ತೆರಡು ವರ್ಷದಿಂದ ಗಂಟುಮಾವನದು. ಅಲ್ಲಿ ಭಾವಮೈದುನ ಎದೆಯುಬ್ಬಿಸಿ ನಿಂತಿದ್ದ.

ಗಂಟುಮಾವ ಎಷ್ಟು ಹೊತ್ತು ಅಲ್ಲಿದ್ದನೋ ಅವನಿಗೇ ಗೊತ್ತಿಲ್ಲ. ಆಮೇಲೆ ಕೆಳಗಿಳಿದ. ನಾಳೆ ಹೇಳಿದರಾಯಿತು, ಪಂದ್ಯ ಇರುವುದು ಶನಿವಾರ ಎಂದುಕೊಂಡ. ನಾನು ಹೇಳಿಯಾಗಿದೆ, ಹದಿನೇಳು ಅಂತ ಬಾಯಿಬಿಟ್ಟು ಹೇಳಿದ್ದೇನೆ ಎಂದೂ ಅಂದುಕೊಂಡ.

ಬುಧವಾರ ಬೆಳಿಗ್ಗೆ ಕಾರ್ಯದರ್ಶಿಯೇ ಉಗ್ರಾಣಕ್ಕೆ ಬಂದ. ಹೆಂಡತಿಯ ಜೊತೆ ಅವನು ಸಂಜೆಯ ವಿಮಾನಕ್ಕೆ ಹೊರಡುವವನಿದ್ದ. ಒಳಗೆ ಬರಲಿಲ್ಲ. ಹೊಸ ಕೋಟಿಗೆ ಧೂಳು ತಾಗೀತೆಂದು ಬಾಗಿಲ ಹೊರಗೇ ನಿಂತು ಮಾತಾಡಿಸಿದ.

"ಏನಯ್ಯಾ, ಮುಖ ಗಂಟಿಕ್ಕೊಂಡಿದ್ದೀಯ? ಹೆಸರಿಗೆ ತಕ್ಕ ಹಾಗೆ!" ತನ್ನ ಮಾತಿಗೆ ತಾನೇ ನಕ್ಕ. "ಬೇಜಾರು ಮಾಡ್ಕೋಬೇಡ. ವಯಸ್ಸಾಯ್ತು ನಿಂಗೆ. ಅಲ್ಲಿ ಆ ಚಳೀಲಿ ಪೆಟ್ಟಿಗೆ ಹೊತ್ಕೊಂಡು ಒದ್ದಾಡೋ ಬದಲು ಮನೇಲಿ ಕೂತು ಟೀವೀಲಿ ನೋಡು. ಟೀವೀಲೇ ಚೆನ್ನಾಗಿ ಕಾಣ್ಸೋದು. ನಿಂಗೊಂದು ಟೋಪಿ ತಂದ್ಕೊಡ್ತೀನಿ ಅಲ್ಲಿಂದ."

"ಆಗಲಿ ಸಾರ್."

"ಮತ್ತೆ, ಸಾಮಾನೆಲ್ಲ ಸರಿಯಾಗಿ ಹೋಯ್ತು ತಾನೇ? ಏನಾದ್ರೂ ಉಳಿದಿದ್ರೆ ಹೇಳು, ಇವತ್ತು ನಾನೇ ತಗೊಂಡು ಹೋಗ್ತೀನಿ."

ಅವರಿಬ್ಬರ ನಡುವೆ ತೆರೆದ ಬಾಗಿಲಿತ್ತು, ಆ ಬಾಗಿಲ ಹಿಂದೆ ಪೆಟ್ಟಿಗೆಯಿತ್ತು. ಗಂಟುಮಾವ ಕೈಚಾಚಿದ್ದರೆ ಸಿಗುತ್ತಿತ್ತು. ಟೋಪಿಯೆಂಬ ಮಾತು ಇನ್ನೂ ಕಿವಿಯಲ್ಲೇ ಇತ್ತು.

"ಏನೂ ಉಳಿದಿಲ್ಲ ಸಾರ್" ಎಂದ.

"ಶಾಭಾಷ್" ಎಂದು ಕಾರ್ಯದರ್ಶಿ ಹೊರಟುಹೋದ.

ಶನಿವಾರ ಇಲ್ಲಿನ ಮಧ್ಯಾಹ್ನ ಮೂರಕ್ಕೆ, ಅಲ್ಲಿನ ರಾತ್ರಿ, ಪಂದ್ಯ. ಹೆಂಡತಿ ಬೇಗ ಕೆಲಸ ಮುಗಿಸಿ ಟೀವಿಯ ಮುಂದೆ ಕುಳಿತಳು. ಗಂಡನಿಗಾದ ಅನ್ಯಾಯಕ್ಕೆ ಅವಳು ವಾರದಿಂದ ಕಾರ್ಯದರ್ಶಿಯ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಆದರೆ ಹುಡುಗರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರ ಅಂಗಿಗಳ ಗುಂಡಿ ಹೊಲಿದವಳು ಅವಳೇ.

ಎರಡೂ ತಂಡ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುತ್ತಿರುವಾಗಲೇ ಮಳೆ ಶುರುವಾಯಿತು. ಮೊದಲು ದೀಪಗಳ ಬೆಳಕಿನಲ್ಲಿ ಎಳೆಎಳೆಯಾಗಿ ಕಂಡಿತು, ಆಮೇಲೆ ಸುರಿಯಿತು.

"ನಮ್ಮ ಹುಡುಗ್ರಿಗೆ ಮಳೆ ಅಭ್ಯಾಸಾನೇ ಇಲ್ವಲ್ರೀ" ಎಂದಳು ಹೆಂಡತಿ. "ಆ ಅಯೋಗ್ಯ ಸರಿಯಾದ ಬೂಟು ಹಾಕ್ಸಿದಾನೋ ಇಲ್ವೋ."

ಗಂಟುಮಾವ ಚೆಂಡನ್ನು ನೋಡುತ್ತಿರಲಿಲ್ಲ, ಕಾಲುಗಳನ್ನು ನೋಡುತ್ತಿದ್ದ. ಎದುರಾಳಿಗಳು ಓಡಿ, ತಿರುಗಿ, ನಿಲ್ಲುತ್ತಿದ್ದರು. ಇವನ ಹುಡುಗರು ಓಡಿ, ತಿರುಗಿ, ಬೀಳುತ್ತಿದ್ದರು. ಹತ್ತನೇ ನಿಮಿಷಕ್ಕೆ ಒಂದು ಗೋಲು, ಹದಿನೇಳಕ್ಕೆ ಇನ್ನೊಂದು. ಮೈದಾನದಲ್ಲಿ ಕೂತಿದ್ದ ಜನ ನಗುವುದನ್ನು ಟೀವಿಯವರು ತೋರಿಸಿದರು. ಕೋಚ್ ಅಂಚಿನಲ್ಲಿ ನಿಂತು ಯಾರಿಗೋ ಬೂಟು ತೋರಿಸಿ ಕೂಗಾಡುತ್ತಿದ್ದ. ಹಿಂದೆ ಭಾವಮೈದುನ ಒಂದೊಂದೇ ಪೆಟ್ಟಿಗೆ ತೆರೆದು ಮುಚ್ಚುತ್ತಿದ್ದ.

ಗಂಟುಮಾವನಿಗೆ ನಗು ಬಂತು. ಅದು ನಿಜ. ಆಮೇಲೆ ಎಷ್ಟು ಸಲ ಅದನ್ನು ಮನಸ್ಸಿನಿಂದ ಉಜ್ಜಿ ತೆಗೆಯಲು ನೋಡಿದರೂ ಹೋಗಲಿಲ್ಲ. ಬೀಳಲಿ, ಎಲ್ಲರೂ ನೋಡಲಿ, ಗಂಟುಮಾವ ಯಾರು ಅಂತ ಈಗ ಗೊತ್ತಾಗಲಿ ಎಂದು ಅವನು ಕುರ್ಚಿಯ ತುದಿಗೆ ಸರಿದು ಕುಳಿತ.

ಮೂವತ್ತೊಂದನೇ ನಿಮಿಷದಲ್ಲಿ ಬಲಗಡೆಯಿಂದ ಚೆಂಡು ಎತ್ತರಕ್ಕೆ ಬಂತು. ಕೊಕ್ಕರೆಗೆ ಅದು ಕಷ್ಟದ ಚೆಂಡೇ ಅಲ್ಲ. ಎರಡು ಹೆಜ್ಜೆ ಮುಂದೆ ಬಂದ, ನೆಗೆಯಲು ಎಡಗಾಲು ಊರಿದ. ಪಾದ ಹುಲ್ಲಿನ ಮೇಲೆ ಒಂದು ಕಡೆ ಜಾರಿತು, ಮೈ ಇನ್ನೊಂದು ಕಡೆ ಎದ್ದಿತು. ಚೆಂಡು ತನ್ನ ಪಾಡಿಗೆ ಬಲೆಯೊಳಗೆ ಹೋಯಿತು. ಅವನು ಮಂಡಿ ಹಿಡಿದುಕೊಂಡು ಬಿದ್ದಿದ್ದ. ಬಾಯಿ ತೆರೆದಿತ್ತು, ಸದ್ದು ಕೇಳಿಸುತ್ತಿರಲಿಲ್ಲ.

"ಅಯ್ಯೋ! ನಮ್ಮ ಕೊಕ್ಕರೆ!" ಹೆಂಡತಿ ಎದ್ದು ನಿಂತಳು. "ರೀ, ಏನಾಯ್ತು ನೋಡ್ರೀ! ಏನಾಯ್ತು ಅವನಿಗೆ?"

ಬೀಳುವ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ನಾಲ್ಕನೇ ಸಲ ನಿಧಾನವಾಗಿ, ಹತ್ತಿರದಿಂದ. ಕಾರ್ಯದರ್ಶಿ ಹೇಳಿದ್ದು ಸರಿಯಾಗಿತ್ತು. ಟೀವಿಯಲ್ಲಿ ಚೆನ್ನಾಗಿಯೇ ಕಾಣಿಸುತ್ತಿತ್ತು. ಬೂಟಿನಡಿಯ ಚಿಕ್ಕಚಿಕ್ಕ ಮೊಳೆಗಳನ್ನು ಎಣಿಸಬಹುದಾಗಿತ್ತು.

"ಸ್ಟ್ರೆಚರ್ ತಂದ್ರು" ಎಂದಳು ಹೆಂಡತಿ, ಸೆರಗನ್ನು ಬಾಯಿಗೊತ್ತಿ. "ನೀವಲ್ಲಿ ಇರ್ಬೇಕಿತ್ತು ಕಣ್ರೀ. ನೀವಿದ್ದಿದ್ರೆ..."

"ಸುಮ್ನಿರೇ!" ಎಂದು ಗಂಟುಮಾವ ಅರಚಿದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನು ಹಾಗೆ ಅರಚಿದ್ದು ಅದೇ ಮೊದಲು. ಅವಳು ಹೆದರಿ ಅವನ ಮುಖ ನೋಡಿದಳು. ಹುಡುಗನ ಸಂಕಟ ಎಂದುಕೊಂಡು ಹೆಗಲ ಮೇಲೆ ಕೈಯಿಟ್ಟಳು. ಆ ಕೈ ಅವನಿಗೆ ಸುಟ್ಟಂತಾಯಿತು.

ಏಳು ಗೋಲಿನಿಂದ ಸೋತರು. ಮುಂದಿನ ಎರಡು ಪಂದ್ಯಕ್ಕೆ ಅಲ್ಲೇ ಹೊಸ ಬೂಟು ಕೊಂಡರಂತೆ, ಆದರೂ ಸೋತರು. ಹತ್ತು ದಿನದಲ್ಲಿ ಎಲ್ಲರೂ ವಾಪಸಾದರು. ಕೊಕ್ಕರೆಯನ್ನು ಮಾತ್ರ ಅಲ್ಲಿನ ಆಸ್ಪತ್ರೆಯಲ್ಲಿ ಉಳಿಸಿಕೊಂಡಿದ್ದರು. ಮಂಡಿಯೊಳಗೆ ಹರಿಯಬಾರದ್ದೆಲ್ಲ ಹರಿದಿದೆ, ನಡೆಯಬಹುದು, ನೆಗೆಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಂತೆ.

ಬಂದ ಮರುದಿನವೇ ಕಾರ್ಯದರ್ಶಿ ಉಗ್ರಾಣಕ್ಕೆ ಬಂದ. ಈ ಸಲ ಕೋಟಿನ ಯೋಚನೆ ಮಾಡದೆ ಒಳಗೆ ಬಂದು ಬಾಗಿಲು ಹಾಕಿದ. ಬಾಗಿಲು ಹಾಕುತ್ತಿದ್ದಂತೆ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು ನೋಡಿದ. ಮತ್ತೆ ಮುಚ್ಚಿದ.

ಗಂಟುಮಾವ ಕಾದ. ಬೈಗುಳ ಬರಲಿ, ಹೊಡೆಯಲಿ, ಪೊಲೀಸರನ್ನು ಕರೆಯಲಿ ಎಂದು ಅವನು ಹತ್ತು ದಿನದಿಂದ ಕಾಯುತ್ತಲೇ ಇದ್ದ.

"ನಾನು ಅವತ್ತು ಕೇಳ್ದೆ ನಿನ್ನ" ಎಂದ ಕಾರ್ಯದರ್ಶಿ, ಮೆಲ್ಲಗೆ.

"ಹೌದು ಸಾರ್."

"ನನ್ನ ಭಾವಮೈದುನನಿಗೆ ನೀನು ಹದಿನೇಳು ಅಂತ ಹೇಳಿದ್ಯಾ?"

"ಹೇಳಿದ್ದೆ ಸಾರ್."

ಕಾರ್ಯದರ್ಶಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಪೇಪರಿನವರು ನಾಲ್ಕು ದಿಕ್ಕಿಂದ ಹಿಡ್ಕೊಂಡಿದಾರೆ. ವಿಮಾನದವರು ಒಂದು ಪೆಟ್ಟಿಗೆ ಕಳೆದುಹಾಕಿದ್ರು ಅಂತ ಹೇಳಿಬಿಟ್ಟಿದ್ದೀನಿ. ಅದೇ ಸರಿ. ಈ ಪೆಟ್ಟಿಗೆ ಇಲ್ಲಿರ್ಲಿಲ್ಲ. ನಿಂಗೂ ಒಳ್ಳೇದು, ನಂಗೂ ಒಳ್ಳೇದು. ತಿಳೀತಾ?"

ಗಂಟುಮಾವ ತಲೆಯಾಡಿಸಿದ. ಅಷ್ಟು ಸುಲಭವಾಗಿ ತಲೆಯಾಡಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

"ಮುಂದಿನ ತಿಂಗಳ ಪ್ರವಾಸಕ್ಕೆ ನೀನೇ ಹೋಗು. ಆ ನನ್ನ ಭಾವಮೈದುನನ ಕೈಲಿ ಈ ಕೆಲಸ ಆಗಲ್ಲ." ಹೊರಡುವ ಮುಂಚೆ ಕಾರ್ಯದರ್ಶಿ ಅವನ ಬೆನ್ನು ತಟ್ಟಿದ. ಮೇಲಧಿಕಾರಿ ಕೆಳಗಿನವನ ಬೆನ್ನು ತಟ್ಟುವ ಹಾಗಿರಲಿಲ್ಲ ಅದು. ಜೊತೆಗೂಡಿ ಕದ್ದವರು ಒಬ್ಬರನ್ನೊಬ್ಬರು ತಟ್ಟಿಕೊಳ್ಳುವ ಹಾಗಿತ್ತು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕೊಕ್ಕರೆ ಬಂದ. ಎರಡು ಕಂಕುಳಲ್ಲೂ ಊರುಗೋಲು. ಎಡಗಾಲಿಗೆ ತೊಡೆಯಿಂದ ಕಣಕಾಲಿನವರೆಗೆ ಪಟ್ಟಿ. ಉದ್ದ ಹುಡುಗ, ಉಗ್ರಾಣದ ಬಾಗಿಲಲ್ಲಿ ಬಗ್ಗಲಾರದೆ ಹೊರಗೇ ನಿಂತ. ಗಂಟುಮಾವ ಅಂಗಿಗಳ ರಾಶಿಯನ್ನು ಬಿಟ್ಟು ಎದ್ದು ಬಂದ.

"ಸೊರಗಿಹೋಗಿದ್ದೀಯಲ್ಲೋ."

"ಆಸ್ಪತ್ರೆ ಊಟ ಮಾವ. ನನ್ನ ಸಾಮಾನು ತಗೊಂಡು ಹೋಗೋಣ ಅಂತ ಬಂದೆ." ನಕ್ಕ. "ಇನ್ನು ಬೇಕಾಗಲ್ಲ ಅನ್ಸುತ್ತೆ. ತಮ್ಮನಿಗೆ ಕೊಡ್ತೀನಿ."

"ಹಂಗೆಲ್ಲ ಅನ್ಬೇಡ. ಇಪ್ಪತ್ತಮೂರು ವರ್ಷ ನಿಂಗೆ. ಈಗೆಲ್ಲ ಏನೇನೋ ಆಪರೇಷನ್ ಬಂದಿದೆ."

"ಹೌದು, ಬಂದಿದೆ" ಎಂದ ಕೊಕ್ಕರೆ, ಮೈದಾನದ ಕಡೆ ನೋಡುತ್ತ. ಅಲ್ಲಿ ಹೊಸ ಗೋಲ್‌ಕೀಪರ್ ಅಭ್ಯಾಸ ಮಾಡುತ್ತಿದ್ದ. "ಒಂದು ಮಾತು ಹೇಳ್ಲಾ ಮಾವ? ಅಲ್ಲಿ ಮಲಗಿದ್ದಾಗ ದಿನಾ ಅದೇ ಯೋಚ್ನೆ. ನೀವು ಬಂದಿದ್ರೆ ಹೀಗಾಗ್ತಿರ್ಲಿಲ್ಲ. ವಿಮಾನದವರು ಕಳೆದಿದ್ರೂ ನೀವು ಬಿಡ್ತಿರ್ಲಿಲ್ಲ, ಎಲ್ಲಿಂದಾದ್ರೂ ಬೂಟು ತಂದುಕೊಡ್ತಿದ್ರಿ. ಆ ಕಾರ್ಯದರ್ಶೀನ ಇನ್ನೂ ಗಟ್ಟಿಯಾಗಿ ಕೇಳ್ಬೇಕಿತ್ತು ನಾನು. ಜಗಳಾನೇ ಆಡ್ಬೇಕಿತ್ತು. ನನ್ನದೇ ತಪ್ಪು."

ಗಂಟುಮಾವನ ಬಾಯಿ ತೆರೆಯಿತು. ಹೇಳಿಬಿಡುತ್ತೇನೆ ಎಂದುಕೊಂಡ. ಒಂದು ವಾಕ್ಯ ಸಾಕಿತ್ತು, ನಾಲ್ಕೇ ಮಾತು.

"ನಿನ್ನ ತಪ್ಪಲ್ಲ ಕಣೋ" ಎಂದ ಕೊನೆಗೆ. ಅಷ್ಟೇ ಬಂತು.

"ಇರ್ಲಿ ಬಿಡಿ."

ಕೊಕ್ಕರೆ ತಿರುಗಲು ಹೋದಾಗ ಎಡಗಾಲಿನ ಚಪ್ಪಲಿಯ ಪಟ್ಟಿ ಕಳಚಿ ನೆಲಕ್ಕೆ ಎಳೆಯತೊಡಗಿತು. ಅವನು ಅದನ್ನು ನೋಡಿದ, ಬಗ್ಗಲು ನೋಡಿದ, ಆಗಲಿಲ್ಲ. ಒಂದು ಊರುಗೋಲು ಜಾರಿ ಬಿತ್ತು.

"ಇರು" ಎಂದು ಗಂಟುಮಾವ ಅವನ ಪಾದದ ಬಳಿ ನೆಲದ ಮೇಲೆ ಕುಳಿತ. ಪಾದ ಊದಿತ್ತು, ತಣ್ಣಗಿತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಪಟ್ಟಿಯ ತೂತಿಗೆ ಕೊಂಡಿ ಸಿಕ್ಕಿಸಲು ನೋಡಿದ. ಕೊಂಡಿ ತಪ್ಪಿತು. ಮತ್ತೆ ನೋಡಿದ, ಮತ್ತೆ ತಪ್ಪಿತು.

"ನಿಧಾನ ಮಾವ, ಅವಸರ ಏನಿಲ್ಲ" ಎಂದ ಕೊಕ್ಕರೆ. ಒಂಟಿಕಾಲಲ್ಲಿ, ಊರುಗೋಲು ಬಿದ್ದ ಕಡೆಗೆ ವಾಲುತ್ತಿದ್ದವನು ಆಸರೆಗೆ ಏನೂ ಸಿಗದೆ, ತನ್ನ ದೊಡ್ಡ ಅಂಗೈಯನ್ನು ಗಂಟುಮಾವನ ನೆತ್ತಿಯ ಮೇಲೆ ಊರಿ ನಿಂತುಕೊಂಡ.