ಮೈದುನ ತಂದ ಪುಡಿ

ಅತ್ತಿಗೆ, ಮೈದುನ ಇಬ್ಬರಿಗೂ ಒಂದೇ ಸಂಶೋಧನಾಲಯದಲ್ಲಿ ಕೆಲಸ. ಅವನು ನೆಲಮಹಡಿಯಲ್ಲಿ ಹೊಸ ಹೊಸ ರಾಸಾಯನಿಕ ಸಂಯುಕ್ತಗಳನ್ನು ತಯಾರಿಸುತ್ತಿದ್ದ. ಅವಳು ಮೇಲ್ಮಹಡಿಯಲ್ಲಿ ಅವುಗಳನ್ನು ವೈರಸ್ಸಿನ ಮೇಲೆ ಪ್ರಯೋಗಿಸಿ ನೋಡುತ್ತಿದ್ದಳು. ಮನೆಯೂ ಒಂದೇ. ಸದಾ ಅಂಗಿಗೆ ಏನಾದರೊಂದು ಪುಡಿ ಮೆತ್ತಿಕೊಂಡೇ ಬರುತ್ತಿದ್ದ ಅವನಿಗೆ ಅವನ ತಾಯಿ, ಅಂದರೆ ಅವಳ ಅತ್ತೆ, ‘ಪುಡಿರಾಯ’ ಎಂದು ಹೆಸರಿಟ್ಟಿದ್ದರು. ಹೆಸರು ಅಂಟಿಕೊಂಡುಬಿಟ್ಟಿತ್ತು.

ವೈರಸ್ಸಿಗೆ ತನ್ನಷ್ಟಕ್ಕೆ ತಾನು ಬೆಳೆಯಲು ಬಾರದು. ಜೀವಕೋಶದೊಳಗೆ ನುಗ್ಗಿ, ಅದರ ಸಾಮಾನು ಸರಂಜಾಮನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕೊನೆಗೆ ಕೋಶ ಸಾಯುತ್ತದೆ. ತಟ್ಟೆಯ ತಳದಲ್ಲಿ ಬೆಳೆದ ಕೋಶಗಳ ಪದರಕ್ಕೆ ನೇರಳೆ ಬಣ್ಣ ಹಾಕಿದರೆ, ಸತ್ತ ಜಾಗಗಳು ಬಿಳಿಯ ತೂತುಗಳಂತೆ ಕಾಣುತ್ತವೆ. ಪುಡಿರಾಯ ತಂದ ಹೊಸ ಸಂಯುಕ್ತ ಹಾಕಿದ ತಟ್ಟೆಯಲ್ಲಿ ಒಂದೇ ಒಂದು ತೂತಿರಲಿಲ್ಲ. ಕೋಶಗಳೂ ಆರೋಗ್ಯವಾಗಿದ್ದವು. ಅತ್ತಿಗೆಗೆ ಆಕಾಶಕ್ಕೆ ಮೂರೇ ಗೇಣು. ನಿರ್ದೇಶಕರು ದೊಡ್ಡ ಸಮ್ಮೇಳನದಲ್ಲಿ ಹೇಳಿಯೇಬಿಡೋಣ ಎಂದರು.

ಅದಕ್ಕೂ ಮುಂಚೆ, ಮೈದುನನ ಸಹಾಯಕಿ ಅದೇ ವಿಧಾನದಲ್ಲಿ ಮಾಡಿದ ಪುಡಿಯನ್ನೂ ಒಮ್ಮೆ ನೋಡೋಣವೆಂದು ಅತ್ತಿಗೆ ಹೊಸ ತಟ್ಟೆ ಹಾಕಿದಳು. ತಟ್ಟೆ ಜರಡಿಯಾಯಿತು. ಅವನೇ ಮಾಡಿದ ಇನ್ನೊಂದು ಕಂತು ತರಿಸಿ ಹಾಕಿದಳು. ಮತ್ತೆ ಸ್ವಚ್ಛ.

ಅವನ ಕೈಯಲ್ಲಿ ಮಾಡಿದರೆ ಮಾತ್ರ ಕೆಲಸ ಮಾಡುವ ಔಷಧಿ! ಯಾರ ಕೈ ಎಂದು ವೈರಸ್ಸಿಗೇನು ಗೊತ್ತು?

ಆಗ ಅವಳಿಗೆ ನೆನಪಾಯಿತು. ಕೆಲವು ವಾರಗಳ ಹಿಂದೆ ಅವನು ಮೇಲೆ ಬಂದು, ಹೋಲಿಸಿ ನೋಡಲು ಬೇಕೆಂದು, ಅದೇ ವೈರಸ್ಸಿಗೆ ಈಗಾಗಲೇ ಬಳಕೆಯಲ್ಲಿರುವ ಔಷಧಿಯನ್ನು ಒಂದಿಷ್ಟು ಇಸಿದುಕೊಂಡು ಹೋಗಿದ್ದ. ಕೇಳುವಾಗ ಕಣ್ಣು ತಪ್ಪಿಸಿದ್ದನೇ? ತಪ್ಪಿಸಿದ್ದ ಎಂದೇ ಈಗ ಅನ್ನಿಸತೊಡಗಿತು. ಅನುಮಾನ ಒಮ್ಮೆ ತಲೆಹೊಕ್ಕರೆ ಮುಗಿಯಿತು, ನೆನಪುಗಳೆಲ್ಲ ಅದರ ಕಡೆಯೇ ವಾಲುತ್ತವೆ. ಊಟಕ್ಕೆ ಕೂತಾಗ ಅವನು “ಇವತ್ತು ತಟ್ಟೆ ಹೇಗಿತ್ತು ಅತ್ತಿಗೆ?” ಎಂದರೆ, ಇವನಿಗೇಕೆ ಇಷ್ಟು ಆತುರ ಅನ್ನಿಸುತ್ತಿತ್ತು. ಕೇಳದಿದ್ದ ದಿನ, ಇವತ್ತೇಕೆ ಸುಮ್ಮನಿದ್ದಾನೆ ಎನ್ನುವ ಚಿಂತೆ.

ತಡೆಯಲಾರದೆ ಗಂಡನ ಬಳಿ ಬಾಯಿಬಿಟ್ಟಳು. ಕನ್ನಡಕದ ಅಂಗಡಿ ಇಟ್ಟಿದ್ದ ಅವನು ಗಾಜು ಒರೆಸುತ್ತಿದ್ದ ಕೈ ನಿಲ್ಲಿಸಿದ.

“ನನ್ನ ತಮ್ಮ ಕಳ್ಳ ಅಂತೀಯಾ?”

“ಕಳ್ಳ ಅಂದ್ನಾ ನಾನು? ಲೆಕ್ಕ ತಾಳೆ ಆಗ್ತಿಲ್ಲ ಅಂದೆ.”

“ಎರಡೂ ಒಂದೇ. ಅನುಮಾನ ಇದ್ರೆ ಅವನನ್ನೇ ಕೇಳು.”

ಅವಳು ಕೇಳಲಿಲ್ಲ. ಅವನ ಬಾಟಲಿಯಿಂದ ಚಿಟಿಕೆ ಪುಡಿ ತೆಗೆದು, ಅಣುಗಳ ತೂಕ ನೋಡುವ ಯಂತ್ರದ ಕೋಣೆಯಲ್ಲಿದ್ದ ಗೆಳತಿಗೆ ಗುಟ್ಟಾಗಿ ಕೊಟ್ಟಳು. ಹಳೆಯ ಔಷಧಿಯ ಸುಳಿವೇ ಇಲ್ಲ ಎಂದು ಗೆಳತಿ ಹೇಳಿದಳು. ಅಲ್ಲಿಗೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಯಂತ್ರದ ಕಣ್ಣಿಗೂ ಬೀಳದ ಹಾಗೆ ಇನ್ನೇನು ಬೆರೆಸಿದ್ದಾನೋ ಎಂದು ಅನುಮಾನ ಇನ್ನೊಂದು ಸುತ್ತು ಬಿಗಿಯಿತು.

ಎಡವಟ್ಟಾದದ್ದು ಆಮೇಲೆ. ಪುಡಿ ಹಾಕಿ ಕೊಟ್ಟ ಸೀಸೆಯ ಮೇಲೆ ಅವಳು ಅಭ್ಯಾಸಬಲದಿಂದ ಮೈದುನನ ಗುರುತು ಬರೆದಿದ್ದಳಲ್ಲ, ಯಂತ್ರದ ಕೋಣೆಯವರು ಉಳಿದದ್ದನ್ನು ನೇರವಾಗಿ ಅವನ ಮೇಜಿಗೇ ವಾಪಸು ಕಳಿಸಿದರು.

ಅವನು ಮೆಟ್ಟಿಲು ಹತ್ತಿ ಬಂದಾಗ ಅವಳು ಕೈಗವಸು ಕಳಚುತ್ತಿದ್ದಳು. ಅವನ ಮುಖ ಬಿಳಿಚಿಕೊಂಡಿತ್ತು.

“ಇದರಲ್ಲಿ ಏನು ಹುಡುಕ್ತಿದ್ರಿ ಅತ್ತಿಗೆ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. “ಹಳೇ ಔಷಧಿ ಬೆರೆಸಿದ್ದೀಯೇನೋ ಅಂತ.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. “ನನಗೂ ನಿಮ್ಮ ಮೇಲೆ ಅನುಮಾನ ಬಂದಿತ್ತು. ಸಹಾಯಕಿ ಪುಡಿ ನೋಡೋ ತಟ್ಟೆಗೆ ನೀವು ಬೇಕಂತ್ಲೇ ಸೊರಗಿದ ಕೋಶ ಹಾಕಿದ್ರೇನೋ ಅಂತ. ಆದ್ರೆ ನಾನು ಯಾರ ಹತ್ರಾನೂ ಹೋಗ್ಲಿಲ್ಲ.”

ಆ ಮಾತು ಅವಳಿಗೆ ಚುಚ್ಚಿತು. ಆದರೂ ಪಟ್ಟು ಬಿಡಲಿಲ್ಲ. “ಹಾಗಾದ್ರೆ ನನ್ನ ಕಣ್ಣೆದುರೇ ಇನ್ನೊಂದ್ಸಲ ಮಾಡು. ಅವಳೂ ಪಕ್ಕದಲ್ಲೇ ಮಾಡ್ಲಿ.”

ಮೈದುನ ಹಲ್ಲು ಕಚ್ಚಿಕೊಂಡು ಒಪ್ಪಿದ. ಒಂದೇ ಮೇಜಿನ ಎರಡು ತುದಿಯಲ್ಲಿ ಇಬ್ಬರೂ ಕೆಲಸ ಶುರುಮಾಡಿದರು. ಅತ್ತಿಗೆ ರೆಪ್ಪೆ ಮಿಟುಕಿಸದೆ ನಿಂತಳು. ಕೊನೆಯ ಹಂತಕ್ಕೆ ಮುಂಚೆ ಇಬ್ಬರೂ ಬೂದು ಬಣ್ಣದ ಪುಡಿ ಸುರಿದರು.

“ಅದೇನು?”

“ಸತು. ಕ್ರಿಯೆ ನಡೆಸೋಕೆ ಬೇಕು. ಆಮೇಲೆ ತೆಗೆದುಬಿಡ್ತೀವಿ.”

ಇಬ್ಬರೂ ಸೋಸಿದರು. ಸೋಸಿ ಬಂದ ದ್ರವವನ್ನು ಅವನು ಹಾಗೇ ಒಣಗಿಸಿ ಪುಡಿ ಮಾಡಿದ. ಸಹಾಯಕಿ ಮಾತ್ರ ಒಣಗಿಸುವ ಮುನ್ನ ಅದನ್ನು ನೀರಿನಿಂದ ಮತ್ತೆ ಮತ್ತೆ ತೊಳೆದಳು.

“ನೀನ್ಯಾಕೆ ತೊಳೀಲಿಲ್ಲ?” ಅತ್ತಿಗೆ ಕೇಳಿದಳು.

“ಸೋಸಿದ್ರೆ ಸಾಕು ಅಂತ…” ಎಂದವನು ಅರ್ಧಕ್ಕೇ ನಿಲ್ಲಿಸಿದ. ಸೋಸಿದರೆ ಹೋಗುವುದು ಕರಗದೆ ಉಳಿದ ಸತು. ಕರಗಿದ್ದು ಪುಡಿಯಲ್ಲೇ ಉಳಿದಿರುತ್ತದೆ.

ಅತ್ತಿಗೆ ಅಂದೇ ಬರೀ ಸತುವಿನ ಲವಣ ಹಾಕಿ ತಟ್ಟೆಗಳನ್ನಿಟ್ಟಳು. ಬಣ್ಣ ಹಾಕುವ ದಿನ ಬಂದಾಗ ಮೈದುನನನ್ನೂ ಕರೆದಳು. ತಟ್ಟೆ ಪೂರ್ತಿ ನೇರಳೆ. ವೈರಸ್ಸು ಪ್ರತಿ ಮಾಡಿಕೊಳ್ಳುವುದನ್ನು ತಡೆದದ್ದು ಸತು. ಅವರು ಕೊಂಡಾಡಿದ ಸಂಯುಕ್ತ ಏನನ್ನೂ ಮಾಡಿರಲಿಲ್ಲ.

ಇಬ್ಬರೂ ಒಟ್ಟಿಗೇ ಹೋಗಿ ನಿರ್ದೇಶಕರಿಗೆ ಹೇಳಿದರು. ಸಮ್ಮೇಳನದ ಮಾತು ರದ್ದಾಯಿತು. ಹಿಂತಿರುಗುವಾಗ ಕಾರಿಡಾರಿನಲ್ಲಿ ಅವಳು ಕ್ಷಮೆ ಕೇಳಿದಳು.

“ಅನುಮಾನ ಬಂದಿದ್ದು ತಪ್ಪಲ್ಲ ಅತ್ತಿಗೆ. ಬರ್ಲೇಬೇಕಿತ್ತು,” ಎಂದ ಅವನು. “ಆದ್ರೆ ಒಂದೇ ಮನೇಲಿ, ಎದುರುಬದುರು ಕೂತು ಊಟ ಮಾಡ್ತೀವಿ. ನನ್ನನ್ನೇ ಕೇಳಬಹುದಿತ್ತು.”

ಎಷ್ಟೋ ದಿನ ಮನೆಯಲ್ಲಿ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ. ಏನಾಯಿತೆಂದು ತಿಳಿಯದೆ ಅತ್ತೆ ಮಗನನ್ನೂ ಸೊಸೆಯನ್ನೂ ಸರದಿಯಂತೆ ಗದರಿಸಿದರು. ಮೇಲ್ಮಹಡಿಗೆ ಬರುವ ಬಾಟಲಿಗಳ ಮೇಲೆ ಈಗ ಬರೀ ಗುರುತಿನ ಅಂಕಿ. ಯಾವುದರಲ್ಲಿ ಏನಿದೆ ಎಂಬುದು ಸಹಾಯಕಿಗೆ ಮಾತ್ರ ಗೊತ್ತು. ಹೀಗೆ ಮಾಡೋಣ ಎಂದವನು ಮೈದುನನೇ. ಅದು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೂ ಆ ಬಾಟಲಿಗಳನ್ನು ಕೈಗೆತ್ತಿಕೊಂಡಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು.

ಕೆಲವು ತಿಂಗಳ ನಂತರ ಅಂಥದೊಂದು ಬಾಟಲಿಯ ಪುಡಿ ತೂತುಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು. ಅವಳು ಅವನನ್ನು ಕರೆಸಿದಳು. ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ನಂಬ್ಕೆ ಬರ್ತಿಲ್ಲ,” ಎಂದ.

“ನನಗೂ ಬರ್ತಿಲ್ಲ.”

“ಇನ್ನೊಂದ್ಸಲ ಮಾಡಿ ಅತ್ತಿಗೆ. ನಾನು ಇಲ್ಲೇ ಇರ್ತೀನಿ.”

ಅವಳು ಹೊಸ ಕೈಗವಸು ತೊಟ್ಟು, ಅವನಿಗೊಂದು ಸ್ಟೂಲು ಎಳೆದುಕೊಟ್ಟಳು.