ನಿಧಾನದ ಅಲೆ

ಪರೀಕ್ಷಕರು ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿದರು. ಏನೂ ಆಗಲಿಲ್ಲ. ಪೂರ್ತಿ ಎಡಕ್ಕೆ ತಂದರು. ಆಗಲೂ ಇಲ್ಲ. ಸ್ಪೀಕರಿನಿಂದ ಒಂದೇ ಸ್ವರ, ಮುಸುಕು ಹಾಕಿ ಮಲಗಿದವರ ಗೊರಕೆಯ ಹಾಗೆ, ಮಂಕಾಗಿ ಬರುತ್ತಲೇ ಇತ್ತು. ಅವರು ಕನ್ನಡಕದ ಮೇಲಿಂದ ಸಿಸ್ಟರನ್ನು ನೋಡಿದರು. ಆಮೇಲೆ ಅವಳ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಮೇಷ್ಟ್ರನ್ನು ನೋಡಿದರು.

ಮೇಷ್ಟ್ರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಅದು ಅವರ ಪಾಠದ ಕ್ರಮ. ಈ ಸಂಜೆ ತರಗತಿಯಲ್ಲಿ ಸಿಂಥಸೈಸರ್, ಅಂದರೆ ಕರೆಂಟಿನಿಂದ ಸ್ವರ ಹೊರಡಿಸುವ ವಾದ್ಯ, ಕಟ್ಟುವುದನ್ನು ಕಲಿಸಲು ಶುರು ಮಾಡಿದಾಗಿನಿಂದ ಅವರು ಒಬ್ಬ ವಿದ್ಯಾರ್ಥಿಯ ಸರ್ಕಿಟ್ ಬೋರ್ಡನ್ನೂ ಮುಟ್ಟಿದವರಲ್ಲ. ಬೆಸುಗೆ ಬಿಟ್ಟಿರುವುದು ಆಚೆ ಮೇಜಿನಿಂದಲೇ ಕಂಡರೂ ಬಾಯಿ ಬಿಡುತ್ತಿರಲಿಲ್ಲ. ಹತ್ತಿರ ಬಂದು ಬಗ್ಗಿ ನೋಡುವರು, ಇನ್ನೊಮ್ಮೆ ಅಳೆದು ನೋಡಿ ಅನ್ನುವರು, ಮುಂದಕ್ಕೆ ಹೋಗುವರು. ನಾನು ಬೆರಳಿಟ್ಟರೆ ಬೋರ್ಡು ನನ್ನದಾಗಿಬಿಡುತ್ತದೆ, ಆಮೇಲೆ ನೀವು ಅದನ್ನು ಬರೀ ಮನೆಗೆ ಹೊತ್ತುಕೊಂಡು ಹೋಗುತ್ತೀರಿ ಎನ್ನುವುದು ಅವರ ವಾದ. ವಿದ್ಯಾರ್ಥಿಗಳು ಕೈಕಟ್ಟು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೆಸರು ಹೇಗೋ ಮನೆಗೂ ಮುಟ್ಟಿತ್ತು. ತೊಳೆಯುವ ಪಾತ್ರೆ ಕಂಡರೂ ಆ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಇವತ್ತು ಆ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕುತ್ತಿದ್ದವು.

ಸಿಸ್ಟರ್ ಎಂದು ತರಗತಿಯೆಲ್ಲ ಕರೆಯುತ್ತಿದ್ದ ಅವಳು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ನರ್ಸು. ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಕೈಕೊಟ್ಟಿತ್ತು. ಇನ್ನು ಭಾರ ಎತ್ತುವಂತಿಲ್ಲ ಎಂದು ಅವಳದೇ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಯಂತ್ರಗಳ ರಿಪೇರಿ ವಿಭಾಗದಲ್ಲಿ ಕೂತು ಮಾಡುವ ಒಂದು ಕೆಲಸ ಖಾಲಿಯಿತ್ತು. ಎಲೆಕ್ಟ್ರಾನಿಕ್ಸಿನ ಸರ್ಟಿಫಿಕೇಟು ತಂದರೆ ಕೊಡುತ್ತೇವೆ ಎಂದಿದ್ದರು. ಅವಳ ಡ್ಯೂಟಿಗೆ ಹೊಂದುವ ಕೋರ್ಸು ಇದೊಂದೇ. ಸಂಗೀತದ ಗಂಧಗಾಳಿ ಇಲ್ಲದಿದ್ದರೂ ಬಂದು ಸೇರಿದ್ದಳು. ಪಾಸಾದರೆ ಆ ಕುರ್ಚಿ, ಇಲ್ಲವಾದರೆ ಮನೆ.

ಇಲ್ಲಿ ಒಬ್ಬೊಬ್ಬರು ಒಂದೊಂದು ತುಂಡು ಮಾಡುತ್ತಾರೆ. ಒಂದು ತುಂಡು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದರ ಹೊಳಪನ್ನು ಕಡಿಮೆ ಹೆಚ್ಚು ಮಾಡುತ್ತದೆ. ವೈರು ಸಿಕ್ಕಿಸಿದರೆ ಒಂದರ ಮಾತು ಇನ್ನೊಂದು ಕೇಳುತ್ತದೆ. ಸಿಸ್ಟರ್ ಆರಿಸಿಕೊಂಡದ್ದು ಅಲೆಯ ತುಂಡು. ಅದರಿಂದ ಸ್ವರ ಬರುವುದಿಲ್ಲ. ಅದರೊಳಗೆ ವೋಲ್ಟೇಜು ಏರುತ್ತದೆ, ಇಳಿಯುತ್ತದೆ, ಆ ಏರಿಳಿತಕ್ಕೆ ತಕ್ಕಂತೆ ಬೇರೆಯವರ ಸ್ವರ ಅರಳಿ ಮುದುಡುತ್ತದೆ. ಉಳಿದವರು ಮಾಡಿದ ಅಲೆಗಳು ಉಸಿರಾಟದ ವೇಗದಲ್ಲಿ ಓಡುತ್ತಿದ್ದವು. ಪರೀಕ್ಷೆಗೆಂದು ತರಗತಿಯದೇ ಸ್ವರದ ತುಂಡಿಗೂ ಹೊಳಪಿನ ತುಂಡಿಗೂ ಸಿಕ್ಕಿಸಿಟ್ಟಿದ್ದ ಇವಳದು ಸತ್ತಂತೆ ಬಿದ್ದಿತ್ತು.

ಕಾರಣ ಮೇಷ್ಟ್ರಿಗೆ ತಿಂಗಳ ಹಿಂದೆಯೇ ಕಂಡಿತ್ತು. ಕೆಪಾಸಿಟರ್ ಅಂದರೆ ಒಂದು ತೊಟ್ಟಿ, ರೆಸಿಸ್ಟರ್ ಅಂದರೆ ಅದಕ್ಕೆ ನೀರು ಬಿಡುವ ನಲ್ಲಿ. ಅವಳು ಆರಿಸಿಕೊಂಡಿದ್ದ ತೊಟ್ಟಿ ವಿಪರೀತ ದೊಡ್ಡದು, ನಲ್ಲಿ ತೊಟ್ಟಿಕ್ಕುವಷ್ಟು ಸಣ್ಣದು. ಅಂಥ ತೊಟ್ಟಿ ತುಂಬುವುದೇ ಇಲ್ಲ, ಬಂದದ್ದೆಲ್ಲ ಅಲ್ಲಲ್ಲೇ ಸೋರಿಹೋಗುತ್ತದೆ. ಇನ್ನೊಮ್ಮೆ ಲೆಕ್ಕ ಹಾಕಿ ಎಂದಿದ್ದರು. ಅವಳು ಹಾಕಿ, ಸರಿಯಿದೆ ಎಂದು ತಲೆಯಾಡಿಸಿದ್ದಳು. ತರಗತಿಗೆ ಮಾತ್ರ ಅವಳ ಕೈಗವಸೇ ತಮಾಷೆಯ ವಸ್ತು. ಬೆಸುಗೆ ಹಾಕುವಾಗಲೂ ಆಸ್ಪತ್ರೆಯ ಗ್ಲೌಸು, ಬಿಡಿಭಾಗಗಳಿಗೆಲ್ಲ ಬ್ಯಾಂಡೇಜ್ ಟೇಪಿನ ಚೀಟಿ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನೊಬ್ಬ ದಿನವೂ ಅವಳ ಮೇಜಿನ ಹತ್ತಿರ ಬಂದು, ಸಿಸ್ಟರಕ್ಕಾ, ಪೇಷಂಟ್ ಉಳೀತಾನಾ ಎಂದು ಕೇಳುವನು. ನೀನು ಹತ್ತಿರ ಬಂದು ಕೆಮ್ಮದಿದ್ದರೆ ಉಳಿಯುತ್ತಾನೆ ಎಂದು ಅವಳು ತಲೆಯೆತ್ತದೆ ಹೇಳುವಳು.

"ಇದು ಓಡ್ತಾನೇ ಇಲ್ವಲ್ಲಮ್ಮ," ಎಂದರು ಪರೀಕ್ಷಕರು.

"ಓಡ್ತಿದೆ ಸರ್. ಮೇಲಕ್ಕೆ ಹೋಗ್ತಿದೆ."

"ಎಲ್ಲಿ?"

"ಈಗ ಗೊತ್ತಾಗಲ್ಲ. ಆಮೇಲೆ ಗೊತ್ತಾಗತ್ತೆ."

ಕೀಬೋರ್ಡಿನವನು ನಗು ತಡೆಯಲು ಬೇರೆ ಕಡೆ ತಿರುಗಿದ. ಪರೀಕ್ಷಕರು ಕೆಟ್ಟವರಲ್ಲ. ರೇಡಿಯೋ ಕೇಂದ್ರದಲ್ಲಿ ಎಂಜಿನಿಯರಾಗಿ ಹಳಬರಾದವರು, ಪರೀಕ್ಷೆಯ ದಿನ ಸರ್ಕಿಟ್ಟುಗಳು ಮುನಿಸಿಕೊಳ್ಳುವುದು ಅವರಿಗೆ ಹೊಸದಲ್ಲ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಹೊರಗೆ ಹೋಗಿ ನೀರು ಕುಡಿದು ಬರುತ್ತೇನೆ, ಅಷ್ಟರಲ್ಲಿ ಮೇಷ್ಟ್ರು ಬೇಕಿದ್ದರೆ ಒಂದು ಸಲ ನೋಡಲಿ ಎಂದರು. ಅದರ ಅರ್ಥ ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ಬಾಗಿಲು ಮುಚ್ಚಿಕೊಂಡಿತು. ಆ ಕೆಪಾಸಿಟರನ್ನು ಕಿತ್ತು ಸಣ್ಣದೊಂದನ್ನು ಕೂರಿಸಿದರೆ ಮುಗಿಯಿತು. ಕಾದ ಬೆಸುಗೆ ಕಡ್ಡಿ ಅಲ್ಲೇ ಸ್ಟ್ಯಾಂಡಿನಲ್ಲಿತ್ತು. ಮೇಷ್ಟ್ರ ಕಣ್ಣ ಮುಂದೆ ವಾರ್ಡು ಬಂತು, ಬಗ್ಗಿ ಒಬ್ಬರನ್ನು ಎತ್ತುತ್ತಿರುವ ಅವಳು ಬಂದಳು. ಅವರ ಬಲಗೈ ಬೆನ್ನ ಹಿಂದಿನಿಂದ ಹೊರಬಂದು ಬೋರ್ಡಿನ ಕಡೆಗೆ ಹೋಯಿತು. ಯಾರೂ ಅವರನ್ನು ಹಾಗೆ ಕಂಡಿರಲಿಲ್ಲ.

"ಮುಟ್ಟಬೇಡಿ ಸರ್," ಎಂದಳು ಸಿಸ್ಟರ್. ರೋಗಿಗೆ ಹೇಳುವಂಥ ದನಿ, ಗಟ್ಟಿಯಲ್ಲ, ಆದರೆ ಎದುರು ಮಾತಿಗೆ ಜಾಗವಿಲ್ಲ. "ನಿಮ್ಮ ಬೆರಳು ತಾಗಿದ್ರೆ ಸೋರತ್ತೆ."

ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಮೇಜಿನ ದೀಪವನ್ನು ಹತ್ತಿರ ಎಳೆದು ನೋಡಿದರು. ಬೋರ್ಡಿನ ಮೇಲೆ ಬೆಸುಗೆ ಪೇಸ್ಟಿನ ಜಿಡ್ಡಿಲ್ಲ, ಬೆರಳಚ್ಚಿಲ್ಲ. ಸ್ಪಿರಿಟ್ಟಿನಲ್ಲಿ ತೊಳೆದು ಒರೆಸಿ, ಮತ್ತೆ ತೊಳೆದಿದ್ದಳು. ಕೊಳೆಯಲ್ಲೂ ಕರೆಂಟು ಹರಿಯುತ್ತದೆ ಎಂದು ಯಾವುದೋ ಕಾಲದಲ್ಲಿ, ಕರಿಹಲಗೆ ಒರೆಸುತ್ತ, ಅವರೇ ಒಂದು ಮಾತು ಹೇಳಿದ್ದರು. ಹೇಳಿದವರು ಮರೆತಿದ್ದರು. ಅವಳು ಅಂದಿನಿಂದಲೇ ಗ್ಲೌಸು ಹಾಕಿಕೊಂಡಿದ್ದಳು. ಬ್ಯಾಂಡೇಜ್ ಟೇಪಿನ ಚೀಟಿಗಳ ಮೇಲಿದ್ದದ್ದೂ ಬರೀ ಹೆಸರಲ್ಲ. ಒಂದೊಂದು ಕೆಪಾಸಿಟರಿಗೂ ಕರೆಂಟು ತುಂಬಿಸಿಟ್ಟು, ಡ್ಯೂಟಿ ಮುಗಿಸಿ ಬಂದು ಎಷ್ಟು ಉಳಿದಿದೆ ಎಂದು ಅಳೆದಿದ್ದಳು. ಸೋರುವವನ್ನು ಪಕ್ಕಕ್ಕಿಟ್ಟು, ಹಿಡಿದಿಟ್ಟುಕೊಳ್ಳುವವನ್ನು ಮಾತ್ರ ಜೋಡಿಸಿದ್ದಳು. ತೊಟ್ಟಿ ದೊಡ್ಡದಾದದ್ದು ತಪ್ಪಿನಿಂದಲ್ಲ.

ಮೇಷ್ಟ್ರು ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಪರೀಕ್ಷೆಗಾದರೂ ಬೇಗ ಓಡುವುದೊಂದನ್ನು ಮಾಡಬಾರದಿತ್ತೇ ಎಂದು ಕೇಳಿದರು.

"ವಾರ್ಡಲ್ಲಿ ಇರೋದೆಲ್ಲ ಬೇಗ ಕೂಗೋ ಮಷೀನೇ ಸರ್. ಮಲಗಿದೋರು ಗೋಡೆ ನೋಡ್ತಾರೆ, ಗಡಿಯಾರ ನೋಡ್ತಾರೆ, ನನ್ನ ಮುಖ ನೋಡ್ತಾರೆ. ಏನಾದ್ರೂ ಒಂದು ಅವರ ಜೊತೆ ನಿಧಾನಕ್ಕೆ ಹೋಗ್ಲಿ ಅಂತ." ಬೋರ್ಡಿನ ಕಡೆ ನೋಡಿ, "ಮನೇಲಿ ಮೇಲೆ ಹೋಗಿ ಕೆಳಕ್ಕೆ ತಿರುಗಿತ್ತು. ಇಲ್ಲಿ ಇಷ್ಟು ಜನ ಉಸಿರು ಬಿಡ್ತಿದ್ದೀರಿ, ತೇವ ಜಾಸ್ತಿ. ತಿರುಗತ್ತೋ ಇಲ್ವೋ ನಂಗೂ ಗೊತ್ತಿಲ್ಲ," ಎಂದಳು.

ಕೀಬೋರ್ಡಿನವನು ಅವಳ ಮೇಜಿನಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದು ಬಾಯಿಗೆ ಕರ್ಚೀಫು ಹಿಡಿದುಕೊಂಡ. ಅದು ತಮಾಷೆಯಾಗಿರಲಿಲ್ಲ.

ಪರೀಕ್ಷಕರು ಬಂದಾಗ ಮೇಷ್ಟ್ರು, ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ, ಇದು ಹಾಗೇ ನಡೆಯುತ್ತಿರಲಿ, ನೀವು ಉಳಿದವರದು ನೋಡಿ ಬನ್ನಿ ಎಂದರು. ಪರೀಕ್ಷಕರು ಹುಬ್ಬೇರಿಸಿದರು. ಎಲ್ಲರದೂ ಮುಗಿದ ಮೇಲೆ ಏನು ಕೇಳಿಸುತ್ತದೋ ಅದಕ್ಕೇ ಅಂಕ, ಆಮೇಲೆ ನನ್ನನ್ನು ಬೈಯಬೇಡಿ ಎಂದು ಮುಂದಿನ ಮೇಜಿಗೆ ಹೋದರು.

ಉಳಿದವರು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದಂತೆ ನುಡಿಸಿದರು. ಒಬ್ಬನ ಸರ್ಕಿಟ್ಟು ಕುದಿಯುವ ನೀರಿನ ಹಾಗೆ ಗುಳುಗುಳು ಅಂದಿತು. ಕೀಬೋರ್ಡಿನವನು ಕಿಟಕಿಯ ಗಾಜು ನಡುಗುವಂಥ ಮಂದ್ರ ಹೊರಡಿಸಿ, ಪರೀಕ್ಷಕರ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಕೊಟ್ಟ. ಮೇಷ್ಟ್ರು ಒಬ್ಬೊಬ್ಬರ ಹಿಂದೆಯೂ ಹೋಗಿ ನಿಂತರು, ಆದರೆ ಅವರ ಗಮನವೆಲ್ಲ ಮೂಲೆಯ ಮೇಜಿನ ಮೇಲಿತ್ತು. ಸಿಸ್ಟರ್ ಸೊಂಟಕ್ಕೆ ಒಂದು ಕೈ ಕೊಟ್ಟು ಅಲ್ಲೇ ನಿಂತಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಕಡೆಯವನು ತನ್ನ ಸ್ವಿಚ್ಚು ಆರಿಸಿದ. ಗದ್ದಲ ನಿಂತಿತು. ಉಳಿದದ್ದು ಮೂಲೆಯ ಸ್ವರ ಒಂದೇ.

ಅದು ಮೊದಲಿನ ಸ್ವರವಾಗಿರಲಿಲ್ಲ. ಮಂಕು ಹರಿದಿತ್ತು. ಒಳಗೆ ಇಷ್ಟು ದನಿಗಳಿದ್ದವೇ ಎನ್ನುವಂತೆ ಪದರು ಪದರಾಗಿ, ಬಿಸಿಲಿಗೆ ಹಿಡಿದ ಗಾಜಿನ ಹಾಗೆ ಸ್ವಚ್ಛವಾಗಿ ಹೊಳೆಯುತ್ತಿತ್ತು. ಪರೀಕ್ಷಕರು ಅರ್ಧ ಮುಚ್ಚಿದ್ದ ಬ್ಯಾಗನ್ನು ಬಿಟ್ಟು ಎದ್ದು ಬಂದರು.

"ಯಾವಾಗ ಹೀಗಾಯ್ತು?"

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅದೇ ಕೋಣೆಯಲ್ಲಿದ್ದರು, ಎಲ್ಲರ ಕಿವಿಗೂ ಅದು ಬೀಳುತ್ತಲೇ ಇತ್ತು. ಆದರೂ ಸಿಸ್ಟರಿನ ಮುಖ ಬಿಗಿದೇ ಇತ್ತು. ಏರಿದ ಮಾತ್ರಕ್ಕೆ ಅಲೆಯಲ್ಲ, ತಿರುಗಿ ಇಳಿದರೆ ಅಲೆ. ತುದಿಗೆ ಹೋಗಿ ಅಲ್ಲೇ ನಿಂತುಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಪರೀಕ್ಷಕರಿಗೂ ಅದು ಗೊತ್ತಿತ್ತು, ಅವರು ಏನೂ ಬರೆಯಲಿಲ್ಲ. ಸ್ವರ ಹೊಳೆಯುತ್ತ ನಿಂತಿತ್ತು. ಇನ್ನೂ ನಿಂತಿತ್ತು. ಮೇಷ್ಟ್ರು ಉಸಿರನ್ನು ಮೂಗಿನಲ್ಲೇ ಸಣ್ಣಗೆ ಬಿಡುತ್ತಿದ್ದರು.

"ತಿರುಗ್ತು," ಎಂದ ಕೀಬೋರ್ಡಿನವನು, ಕರ್ಚೀಫಿನೊಳಗಿಂದ.

ಉಳಿದವರಿಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ಕೇಳಿಸಿತು. ಅತ್ಯಂತ ಮೇಲಿನ ಪದರೊಂದು ಸದ್ದಿಲ್ಲದೆ ಕಳಚಿಕೊಂಡಿತ್ತು.

ಇಳಿಯುವುದಕ್ಕೂ ಇಷ್ಟೇ ಹೊತ್ತು ಬೇಕಾ ಎಂದು ಪರೀಕ್ಷಕರು ಕೇಳಿದರು. ಇಷ್ಟೇ ಎಂದಳು ಸಿಸ್ಟರ್. ಅವರು ಹತ್ತಿರದ ಕುರ್ಚಿಯನ್ನು ಅವಳ ಕಡೆಗೆ ಸರಿಸಿ, ತಮಗೆ ಇನ್ನೊಂದನ್ನು ಎಳೆದುಕೊಂಡು ಕೂತರು. ಈ ಸಲ ಅವಳೂ ಕೂತಳು. ಹೊರಗೆ ವಾಚ್‌ಮನ್ ಕಾರಿಡಾರಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬಂದು, ಬಾಗಿಲೊಳಗೆ ಕೈ ಹಾಕಿ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಹಾಗೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಬೆರಳು ತೆಗೆದು, ಚೌಕಟ್ಟಿಗೆ ಭುಜ ಕೊಟ್ಟು, ತಲೆಯನ್ನು ಒಂದು ಕಡೆಗೆ ವಾಲಿಸಿದ.