ಭಾನುವಾರದ ಹಗ್ಗ

ಗುತ್ತೂರಿನ ಕೆಳಗೆ ತುಂಗಭದ್ರೆಯಲ್ಲಿ ಕಾಲೇಜು ಹುಡುಗನೊಬ್ಬ ಮುಳುಗಿ ಸತ್ತದ್ದನ್ನು ಊರಿನ ಅರ್ಧ ಜನ ದಡದ ಮೇಲೆ ನಿಂತು ನೋಡಿದ್ದರು. ಹುಡುಗ ದೂರವೇನೂ ಇರಲಿಲ್ಲ. ಯಾರೋ ಸೀರೆ ಎಸೆದರು, ಯಾರೋ ಬಿದಿರಿನ ಗಳ ಚಾಚಿದರು. ಯಾವುದೂ ಅವನ ಕೈಗೆ ಸಿಗಲಿಲ್ಲ. ಅಂದು ದಡದಲ್ಲಿದ್ದವರಲ್ಲಿ ಲತಾ ಕೂಡ ಒಬ್ಬಳು. ಮದುವೆಯಾಗಿ ಗುತ್ತೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅಲ್ಲಿಯವರೆಗೆ ಅವಳಿಗೆ ಹೊಳೆ ಎಂದರೆ ಬಟ್ಟೆ ಒಗೆಯುವ ಜಾಗ, ಅಷ್ಟೇ.

ಹರಿಹರದಲ್ಲಿ ಹಗ್ಗ, ತಾಡಪಾಲು ಮಾರುವ ಅಂಗಡಿ ಇಟ್ಟಿದ್ದ ಖಾಜಾ ಹುಸೇನ್ ಆ ಸಾವಿನ ನಂತರ ಸುಮ್ಮನೆ ಕೂರಲಿಲ್ಲ. ಅವರಿವರ ಬಳಿ ಓಡಾಡಿ, ಅಗ್ನಿಶಾಮಕ ದಳದವರನ್ನು ಕರೆಸಿ, ಹೊಳೆ ದಂಡೆಯಲ್ಲೇ ಒಂದು ದಿನದ ತರಬೇತಿ ಮಾಡಿಸಿದರು. ಈಜು ಬಾರದವರೂ ದಡದಲ್ಲಿ ನಿಂತೇ ಜೀವ ಉಳಿಸಬಹುದು ಎಂದು ದಳದವರು ತೋರಿಸಿಕೊಟ್ಟರು. ತೇಲುವ ಹಗ್ಗವನ್ನು ಒಂದು ಸಣ್ಣ ಚೀಲಕ್ಕೆ ತುಂಬಿ, ಒಂದು ತುದಿಯನ್ನು ಕೈಯಲ್ಲಿ ಹಿಡಿದು ಚೀಲವನ್ನು ಎಸೆಯಬೇಕು. ಚೀಲ ಹಾರಿದಂತೆ ಹಗ್ಗ ತಾನಾಗಿ ಬಿಚ್ಚಿಕೊಂಡು ಹೋಗುತ್ತದೆ. ನೋಡಲು ಸುಲಭ. ಎಸೆದಾಗ ಮಾತ್ರ ಚೀಲ ಎಲ್ಲೆಲ್ಲೋ ಬೀಳುತ್ತಿತ್ತು.

"ಪ್ರತಿ ಭಾನುವಾರ ಬೆಳಿಗ್ಗೆ ಇಲ್ಲೇ ಸೇರೋಣ" ಎಂದರು ಖಾಜಾ ಹುಸೇನ್. ಎಲ್ಲರೂ ಒಪ್ಪಿದರು.

ಮೊದಮೊದಲು ದಂಡೆ ಜಾತ್ರೆಯಂತಿತ್ತು. ಯುವಕರು ಪಣ ಕಟ್ಟಿ ಎಸೆದರು, ಫೋಟೊ ತೆಗೆಸಿಕೊಂಡರು. ಸುಗ್ಗಿ ಬಂದಾಗ ಕೆಲವರು ಬರುವುದನ್ನು ಬಿಟ್ಟರು. ಮದುವೆ ಕಾಲ ಮುಗಿಯುವ ಹೊತ್ತಿಗೆ ಇನ್ನೂ ಕೆಲವರು ಹೋದರು. ವರ್ಷ ತುಂಬಿದಾಗ ಉಳಿದವರು ಖಾಜಾ ಹುಸೇನ್ ಮತ್ತು ಲತಾ. ನೀರಿನಲ್ಲಿ ಒಂದು ಖಾಲಿ ಕ್ಯಾನನ್ನು ಕಲ್ಲಿಗೆ ಕಟ್ಟಿ ಬಿಟ್ಟು, ಅದರ ಆಚೆಗೆ ಚೀಲ ಬೀಳುವಂತೆ ಎಸೆಯುವುದು, ಎಳೆದುಕೊಳ್ಳುವುದು, ಮತ್ತೆ ಎಸೆಯುವುದು. ಬೆಳಗಿನ ಬಿಸಿಲು ಏರುವವರೆಗೆ ಅದೇ ಕೆಲಸ.

ಖಾಜಾ ಹುಸೇನರಿಗೆ ಒಂದು ವಿಚಿತ್ರ ಹಟವಿತ್ತು. ಚೀಲ ಸರಿಯಾಗಿ ಬಿದ್ದರೆ ಅವರು ಏನೂ ಹೇಳುತ್ತಿರಲಿಲ್ಲ. ತಪ್ಪಿದಾಗ ಮಾತ್ರ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು.

"ಈಗ ನಿನ್ನ ಪರೀಕ್ಷೆ, ತಂಗಿ. ಮೊದಲ್ನೇದು ಹೋತು. ಹಗ್ಗ ಎಳ್ಕ, ಸುರುಳಿ ಹಿಡಿ, ಚೀಲಕ್ಕೆ ನೀರು ತುಂಬು, ಎಸಿ. ಗಡಿಬಿಡಿ ಮಾಡಬ್ಯಾಡ, ನಿಲ್ಲಲೂಬ್ಯಾಡ."

ಎರಡನೆಯ ಬಾರಿ ಹಗ್ಗವನ್ನು ಮತ್ತೆ ಚೀಲದೊಳಗೆ ತುಂಬುತ್ತಾ ಕೂರಲು ಸಮಯವಿರುವುದಿಲ್ಲ. ಅದನ್ನು ಕೈಯಲ್ಲೇ ಸುರುಳಿ ಮಾಡಿ, ಖಾಲಿ ಚೀಲಕ್ಕೆ ಒಂದಿಷ್ಟು ನೀರು ತುಂಬಿ ತೂಕ ಬರಿಸಿ ಎಸೆಯಬೇಕು. ಲತಾಳಿಗೆ ಇದೇ ಬಹಳ ಕಷ್ಟವಾಗಿತ್ತು. ಹಸಿ ಹಗ್ಗ ಬೆರಳಿಗೆ ಸಿಕ್ಕಿಕೊಳ್ಳುತ್ತಿತ್ತು, ಸುರುಳಿ ಗಂಟಾಗುತ್ತಿತ್ತು.

ಲತಾ ದಾವಣಗೆರೆಯ ಎಸ್.ಎಸ್. ಬಡಾವಣೆಯ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ವಾರಕ್ಕೊಂದೇ ರಜೆ. ಆ ರಜೆಯ ಬೆಳಗನ್ನು ಹೊಳೆ ದಂಡೆಯಲ್ಲಿ ಕಳೆಯುವುದು ಗಂಡ ಅಂಜನ್ ಕುಮಾರನಿಗೆ ಮೊದಲಿಗೆ ತಮಾಷೆ ಎನಿಸಿತ್ತು. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಅವನು ಗುತ್ತೂರು ಬಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ಹೊತ್ತೇ ಕಡಿಮೆ.

ಒಂದು ಶನಿವಾರ ಸಂಜೆ ಆಸ್ಪತ್ರೆಯ ಡಾಕ್ಟರು ಲತಾಳನ್ನು ಕರೆದು, ಭಾನುವಾರ ಬೆಳಿಗ್ಗೆಯೂ ಬಂದರೆ ಅವಳನ್ನೇ ಮ್ಯಾನೇಜರ್ ಮಾಡುವುದಾಗಿ ಹೇಳಿದರು. ಅವಳು ಮಧ್ಯಾಹ್ನದ ನಂತರ ಬರುತ್ತೇನೆ ಎಂದಳು. ಅವರು ಒಪ್ಪಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯಿತು. ವಿಷಯ ತಿಳಿದಾಗ ಅಂಜನ್ ಕುಮಾರ್ ತಟ್ಟೆಯ ಮುಂದೆ ಕೂತವನು ಊಟ ಮಾಡದೆ ಎದ್ದ.

"ಇಷ್ಟು ವರ್ಷ ಎಸ್ದಿ. ಒಬ್ರನ್ನಾದ್ರೂ ಎಳ್ದು ಹಾಕಿಯೇನು?"

"ಇಲ್ಲ."

"ಮತ್ತೆ ಯಾಕ?"

ಆ ಹುಡುಗನ ಕೈ ನೀರಿನ ಮೇಲೆ ಕೊನೆಯ ಸಲ ಕಂಡದ್ದನ್ನು ಹೇಳಬಹುದಿತ್ತು. ಅದನ್ನು ಅವನಿಗೆ ಎಷ್ಟು ಸಲ ಹೇಳಿದ್ದಳೋ. ಅವಳು ತಟ್ಟೆ ಎತ್ತಿಟ್ಟಳು. ಭಾನುವಾರ ಬೆಳಿಗ್ಗೆ ಎದ್ದು ದಂಡೆಗೆ ಹೋದಳು.

ಒಮ್ಮೆ ಮಾತ್ರ ಅವಳು ಬಿಟ್ಟಿದ್ದಳು. ಅತ್ತೆಗೆ ಕಾಲು ಮುರಿದು ಒಂದು ಮಳೆಗಾಲ ಪೂರ್ತಿ ದಂಡೆ ಕಡೆ ಹೋಗಲು ಆಗಲಿಲ್ಲ. ಮತ್ತೆ ಹೋದಾಗ ಚೀಲ ಕ್ಯಾನಿನ ಅರ್ಧ ದೂರಕ್ಕೂ ಮುಟ್ಟಲಿಲ್ಲ. ಎರಡನೆಯ ಎಸೆತದಲ್ಲಿ ಹಗ್ಗ ಅವಳ ಕಾಲಿಗೇ ಸುತ್ತಿಕೊಂಡಿತು. ಅವಳಿಗೆ ಅಳು ಬಂತು.

"ಎಲ್ಲಾ ಹೋತು ಚಾಚಾ. ಇಷ್ಟು ದಿನ ಮಾಡಿದ್ದು ಏನೂ ಉಳ್ದಿಲ್ಲ."

ಖಾಜಾ ಹುಸೇನ್ ಕಾಲಿನ ಹಗ್ಗ ಬಿಡಿಸಿದರು. "ಕೈ ಮರ್ತೈತೆ. ಅದನ್ನ ಬೈಬ್ಯಾಡ. ಮುಂದಿನ ವಾರ ಬಾ, ಅದರ ಮುಂದಿನ ವಾರನೂ ಬಾ. ನೆಪ್ಪು ಮಾಡ್ಕೊಳ್ತೈತೆ."

ಕೈ ನೆನಪು ಮಾಡಿಕೊಳ್ಳಲು ಚಳಿಗಾಲ ಕಳೆಯಬೇಕಾಯಿತು.

ಮುಂದೊಂದು ಮಳೆಗಾಲದಲ್ಲಿ ಮಲೆನಾಡಿನಲ್ಲಿ ಬಿಡದೆ ಮಳೆ ಸುರಿಯಿತು. ಮೇಲಿನ ಜಲಾಶಯಗಳಿಂದ ನೀರು ಬಿಡುತ್ತಾರೆಂದು ಊರಲ್ಲಿ ಡಂಗುರ ಹೊಡೆದರು. ಮರುದಿನ ಬೆಳಿಗ್ಗೆ ಲತಾ ಕೆಲಸಕ್ಕೆ ಹೊರಟು ಬಾಗಿಲಿಗೆ ಚಿಲಕ ಹಾಕುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಏದುಸಿರು ಬಿಡುತ್ತಾ ಓಡಿಬಂದಳು.

"ಲತಾ, ಕಾಟಪ್ಪ ಹೊಳ್ಯಾಗ ಬಿದ್ದಾನೆ. ಮೋಟ್ರು ಎತ್ತಾಕ ಹೋಗಿದ್ನಂತೆ."

ಕಾಟಪ್ಪ ದಂಡೆಯ ಪಕ್ಕದಲ್ಲಿ ಭತ್ತ ಬೆಳೆಯುವ ರೈತ. ನೀರೆತ್ತುವ ಪಂಪ್‌ಸೆಟ್ಟನ್ನು ಹೊಳೆ ನುಂಗುವ ಮೊದಲು ಮೇಲಕ್ಕೆ ಎಳೆಯಲು ಮಗ ತೋಟಪ್ಪನ ಜೊತೆ ಹೋಗಿದ್ದ. ಲತಾ ಚಿಲಕ ತೆಗೆದು ಒಳಗೆ ಹೋಗಿ ಹಗ್ಗದ ಚೀಲ ತಂದಳು. ಓಡುತ್ತಲೇ ಖಾಜಾ ಹುಸೇನರಿಗೆ ಫೋನ್ ಮಾಡಿದಳು.

"ಚಾಚಾ, ಎಲ್ಲಿದೀರಿ?"

"ದಾವಣಗೆರೆ, ಮಂಡಿಪೇಟೆ. ಮಾಲು ತಗಳ್ಳಾಕ ಬಂದೀನಿ. ಯಾಕ?"

ಅವಳು ಹೇಳಿದಳು.

"ನಾ ಈಗ್ಲೇ ಹೊರಟೆ. ಆದ್ರೆ ನನ್ನ ದಾರಿ ಕಾಯಬ್ಯಾಡ. ಫೈರಿನವ್ರಿಗೆ ಹೇಳೀರೇನು?"

"ಹೇಳ್ಯಾರಂತೆ. ಅವ್ರು ಇನ್ನೊಂದು ಊರಿನ ಮಂದೀನ ದಾಟಿಸಾಕ ಹೋಗ್ಯಾರಂತೆ."

"ಹಂಗಾದ್ರೆ ನೀನೇ. ಫೋನು ಇಡು, ಕೈ ಖಾಲಿ ಇರ್ಲಿ."

ದಂಡೆಯಲ್ಲಿ ಜನ ಸೇರಿದ್ದರು. ಹೊಳೆ ಕೆಂಪಾಗಿತ್ತು. ಮರದ ಕೊಂಬೆ, ಜೊಂಡು, ಪ್ಲಾಸ್ಟಿಕ್ ಡ್ರಮ್ಮು ಎಲ್ಲವನ್ನೂ ಎಳೆದುಕೊಂಡು ಸದ್ದು ಮಾಡುತ್ತಾ ಹರಿಯುತ್ತಿತ್ತು. ನಿನ್ನೆಯವರೆಗೆ ದಂಡೆಯಾಗಿದ್ದ ಜಾಗದಲ್ಲಿ ಒಂದು ಜಾಲಿ ಮರದ ತಲೆ ಮಾತ್ರ ಕಾಣುತ್ತಿತ್ತು. ಕಾಟಪ್ಪ ಅದರ ಕೊಂಬೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದ. ನೀರು ಅವನ ಎದೆಗೆ ಬಡಿದು ಭುಜದ ಮೇಲೆ ಹಾರುತ್ತಿತ್ತು. ಮುಳ್ಳು ಗೀರಿ ಮುಖವೆಲ್ಲ ರಕ್ತ.

ತೋಟಪ್ಪ ಪಂಚೆ ಬಿಗಿದು ನೀರಿಗೆ ಇಳಿಯಲು ಹೊರಟಿದ್ದ. ರುದ್ರಮುನಿ ಎಂಬ ನೆರೆಹೊಲದ ರೈತ ಅವನ ಸೊಂಟ ಹಿಡಿದು ನಿಲ್ಲಿಸಿದ್ದ. ಕಾಟಪ್ಪನ ಹೆಂಡತಿ ಉಚ್ಚೆಂಗೆಮ್ಮ ಕೆಸರಿನಲ್ಲಿ ಕೂತುಬಿಟ್ಟಿದ್ದಳು.

"ಇಳೀಬ್ಯಾಡ ತೋಟಪ್ಪ, ಇಬ್ರೂ ಹೋಗ್ತೀರಿ" ಎಂದಳು ಲತಾ. "ನನ್ನ ಹಿಂದೆ ಬಾ. ನಾ ಹಗ್ಗ ಎಸೀತೀನಿ. ಅವ್ರು ಹಿಡಿದ ಮೇಲೆ ನನ್ನ ಜೊತೆ ಎಳೀಬೇಕು. ಹಗ್ಗ ಕೈಗೆ ಸುತ್ಕಬ್ಯಾಡ, ಬರೀ ಹಿಡ್ಕ."

ಅವಳು ಮರಕ್ಕಿಂತ ಮೇಲಿನ ಕಡೆ, ನೀರು ಬರುವ ದಿಕ್ಕಿನಲ್ಲಿ, ಗಟ್ಟಿ ನೆಲ ಹುಡುಕಿ ನಿಂತಳು. ಜನ ಮುಂದೆ ನುಗ್ಗಿದರು. ನಾಲ್ಕೈದು ಕೈಗಳಲ್ಲಿ ಮೊಬೈಲು. ರುದ್ರಮುನಿ ಗದರಿ ಅವರನ್ನು ಹಿಂದೆ ಸರಿಸಿದ. ಲತಾ ಕಾಟಪ್ಪನ ಹೆಸರು ಹಿಡಿದು ಕೂಗಿದಳು. ಅವನು ತಲೆ ತಿರುಗಿಸಿದ. ಅವಳು ತೋಳು ಬೀಸಿ ಚೀಲ ಎಸೆದಳು.

ಎದುರುಗಾಳಿಯಿತ್ತು. ಚೀಲ ಎತ್ತರಕ್ಕೆ ಹೋಗಿ, ಹಗ್ಗ ಬಿಚ್ಚಿಕೊಂಡು, ಮರಕ್ಕೆ ಇನ್ನೂ ಒಂದು ಮಾರು ಇರುವಾಗಲೇ ನೀರಿಗೆ ಬಿತ್ತು. ಹೊಳೆ ಅದನ್ನು ಕ್ಷಣದಲ್ಲಿ ಕೆಳಕ್ಕೆ ಒಯ್ದಿತು. ದಂಡೆಯಲ್ಲಿ ನಿಂತವರ ಬಾಯಿಂದ ಒಂದೇ ಉಸಿರು ಹೊರಬಂತು. ಉಚ್ಚೆಂಗೆಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಆಗಲ್ಲ ಬಿಡು" ಎಂದು ಯಾರೋ ಹಿಂದಿನಿಂದ ಅಂದರು.

ಆಮೇಲೆ ಆ ಗಳಿಗೆಯನ್ನು ನೆನೆದಾಗಲೆಲ್ಲ ಲತಾಳಿಗೆ ತನಗೆ ಭಯವಾಗಿತ್ತು ಎನ್ನುವುದು ಸ್ಪಷ್ಟವಾಗಿ ನೆನಪಿಗೆ ಬರುತ್ತಿತ್ತು. ಕೈಗಳು ಮಾತ್ರ ಅವಳನ್ನು ಕೇಳಲು ಕಾಯಲಿಲ್ಲ. ಅವು ಆಗಲೇ ಹಗ್ಗ ಎಳೆಯುತ್ತಿದ್ದವು. ಎಡಗೈ ಎಳೆಯಿತು, ಬಲಗೈ ಸುರುಳಿ ಹಿಡಿಯಿತು. ಒಂದು ಸುರುಳಿಯೂ ಇನ್ನೊಂದರ ಮೇಲೆ ಬೀಳಲಿಲ್ಲ. ಚೀಲ ಕಾಲ ಬಳಿಗೆ ಬಂತು. ಬಗ್ಗಿ ನೀರು ತುಂಬಿದಳು. ಈ ಸಲ ಗಾಳಿಗೆ ಸಿಗದಂತೆ ತಗ್ಗಾಗಿ, ಮರಕ್ಕಿಂತ ತುಸು ಮೇಲಿನ ಹರಿವಿಗೆ ಗುರಿಯಿಟ್ಟು ಬೀಸಿದಳು.

ಚೀಲ ಮರವನ್ನು ದಾಟಿ ಬಿತ್ತು. ಆದರೆ ಹಗ್ಗ ಕಾಟಪ್ಪನ ಕೈಗೆ ಎಟುಕದ ಹೊರಗಿನ ಕೊಂಬೆಗೆ ಸಿಕ್ಕಿಕೊಂಡಿತು. ಜಗ್ಗಿದಳು, ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಮರವೇ ಒಂದು ಕಡೆ ವಾಲಿದಂತೆ ಕಂಡಿತು.

"ಅಕ್ಕಾ, ಬೇರು ಕೀಳ್ತೈತೆ" ಎಂದ ತೋಟಪ್ಪ. ಅವನ ದನಿ ಒಡೆದಿತ್ತು.

ಲತಾ ಜಗ್ಗುವುದನ್ನು ಬಿಟ್ಟಳು. ಹಗ್ಗ ಸಡಿಲ ಬಿಟ್ಟು ಮೇಲಿನ ಕಡೆಗೆ ಕೆಲವು ಹೆಜ್ಜೆ ಓಡಿ, ಅಲ್ಲಿಂದ ಅಲೆಯ ಹಾಗೆ ಒಮ್ಮೆ ಕೊಡವಿದಳು. ಹಗ್ಗ ಕೊಂಬೆಯಿಂದ ಹಾರಿತು. ಮತ್ತೆ ಎಳೆದಳು, ಸುರುಳಿ, ನೀರು. ಎಸೆದಳು.

ಹಗ್ಗ ಕಾಟಪ್ಪನ ಹೆಗಲಿಗೇ ಅಡ್ಡಲಾಗಿ ಬಿತ್ತು.

"ಹಿಡ್ಕಳ್ರಿ, ಎದಿಗೆ ಅವಚ್ಕಳ್ರಿ" ಎಂದು ಲತಾ ಕೂಗಿದಳು.

ಕಾಟಪ್ಪ ಹಗ್ಗವನ್ನು ನೋಡಿದ. ಹಿಡಿಯಲಿಲ್ಲ. ಹಿಡಿಯಬೇಕೆಂದರೆ ಕೊಂಬೆ ಬಿಡಬೇಕು. ಅಷ್ಟು ಹೊತ್ತು ಅವನ ಜೀವ ಹಿಡಿದಿದ್ದು ಆ ಕೊಂಬೆ. ಹಗ್ಗ ನೀರಿನ ಸೆಳೆತಕ್ಕೆ ಮೆಲ್ಲಗೆ ಹೆಗಲಿನಿಂದ ಜಾರತೊಡಗಿತು. ತೋಟಪ್ಪ ಕೂಗಿದ, ರುದ್ರಮುನಿ ಕೂಗಿದ. ಕಾಟಪ್ಪ ಕಣ್ಣು ಮುಚ್ಚಿ ಕೊಂಬೆಯನ್ನು ಇನ್ನೂ ಬಿಗಿಯಾಗಿ ತಬ್ಬಿದ.

ಉಚ್ಚೆಂಗೆಮ್ಮ ಎದ್ದು ನೀರಿನ ಅಂಚಿಗೆ ಬಂದಳು. ಅವಳು ಕೂಗಲಿಲ್ಲ, ಗಟ್ಟಿಯಾಗಿ ಹೇಳಿದಳು, ಅಷ್ಟೇ.

"ಇಲ್ನೋಡ್ರಿ. ನನ್ನ ನೋಡ್ರಿ. ಒಂದು ಕೈ ಬಿಡ್ರಿ ಸಾಕು. ಒಂದೇ ಕೈ."

ಕಾಟಪ್ಪ ಕಣ್ಣು ತೆರೆದ. ಒಂದು ಕೈ ಬಿಟ್ಟ. ಜಾರುತ್ತಿದ್ದ ಹಗ್ಗ ಮುಷ್ಟಿಗೆ ಸಿಕ್ಕಿತು. ಆಮೇಲೆ ಇನ್ನೊಂದು ಕೈಯೂ ಬಿಟ್ಟಿತು, ಅವನು ಬಿಟ್ಟನೋ ಹೊಳೆ ಬಿಡಿಸಿತೋ ಗೊತ್ತಾಗಲಿಲ್ಲ. ತಲೆ ನೀರಿನೊಳಗೆ ಹೋಯಿತು.

ಹಗ್ಗ ಲತಾಳ ಅಂಗೈಯನ್ನು ಸುಡುತ್ತಾ ಓಡಿತು. ಅವಳು ಕೆಸರಿನಲ್ಲಿ ಕೂತು ಹಿಮ್ಮಡಿ ಊರಿದಳು. ಹಿಂದೆ ತೋಟಪ್ಪ, ಅವನ ಹಿಂದೆ ರುದ್ರಮುನಿ. ತಲೆ ಮೇಲೆ ಬಂತು, ಮತ್ತೆ ಮುಳುಗಿತು. ಹೊಳೆಯೇ ಅವನನ್ನು ಅರ್ಧಚಂದ್ರಾಕಾರವಾಗಿ ಸುತ್ತಿಸಿ ದಡದ ಕಡೆಗೆ ತಳ್ಳುತ್ತಾ ಹೋಯಿತು. ಕೆಳಗಿನ ಗದ್ದೆಯ ಬದುವಿನ ಹತ್ತಿರ ನಾಲ್ಕಾರು ಜನ ಸೊಂಟದವರೆಗೆ ಇಳಿದು ಅವನ ಅಂಗಿ, ತೋಳು, ಕೂದಲು, ಸಿಕ್ಕಿದ್ದನ್ನು ಹಿಡಿದು ಎಳೆದರು. ಬದುವಿನ ಮೇಲೆ ಬೋರಲು ಬಿದ್ದವನು ಬಹಳ ಹೊತ್ತು ನೀರು ಕಾರಿದ. ಅವನ ಮುಷ್ಟಿಯಿಂದ ಹಗ್ಗ ಬಿಡಿಸಲು ಒಂದೊಂದೇ ಬೆರಳು ಬಿಚ್ಚಬೇಕಾಯಿತು.

ಖಾಜಾ ಹುಸೇನ್ ಬಂದಾಗ ಕಾಟಪ್ಪನನ್ನು ಹರಿಹರದ ಆಸ್ಪತ್ರೆಗೆ ಕರೆದೊಯ್ದಾಗಿತ್ತು. ಲತಾ ಬದುವಿನ ಮೇಲೆ ಕೂತಿದ್ದಳು. ಅವರು ಅವಳ ಅಂಗೈಗಳನ್ನು ತಿರುಗಿಸಿ ನೋಡಿ ತಮ್ಮ ಕರವಸ್ತ್ರ ಸುತ್ತಿದರು.

"ಎಷ್ಟನೇದಕ್ಕೆ ಬಿತ್ತು?"

"ಮೂರನೇದು ಚಾಚಾ. ಎರಡು ತಪ್ಪಿದ್ವು."

ಅವರು ತಲೆಯಾಡಿಸಿದರು. ಕೆಸರಾದ ಹಗ್ಗವನ್ನು ಎತ್ತಿಕೊಂಡು ಚೀಲಕ್ಕೆ ತುಂಬತೊಡಗಿದರು.

ಕಾರ್ಖಾನೆಯಲ್ಲಿ ಸುದ್ದಿ ತಿಳಿದು ಅಂಜನ್ ಕುಮಾರ್ ಮಧ್ಯಾಹ್ನವೇ ಮನೆಗೆ ಬಂದ. ಲತಾಳ ಕೈಗೆ ಪಟ್ಟಿ ಕಟ್ಟಿತ್ತು. ಅವನು ಅನ್ನ ಕಲಸಿ ತುತ್ತು ಮಾಡಿ ಕೊಟ್ಟ. ಅರ್ಧ ಊಟವಾದ ಮೇಲೆ, "ಅವತ್ತು ನಾನು ಹಂಗ ಕೇಳಬಾರದಿತ್ತು" ಎಂದ.

"ಕೇಳಿದ್ದು ತಪ್ಪಲ್ಲ ಬಿಡ್ರಿ. ನಂಗೂ ಉತ್ತರ ಗೊತ್ತಿರ್ಲಿಲ್ಲ" ಎಂದಳು ಅವಳು.

ಮುಂದಿನ ಭಾನುವಾರ ದಂಡೆ ಜನರಿಂದ ತುಂಬಿಹೋಯಿತು. ಹಾರ ತಂದವರಿದ್ದರು, ವಿಡಿಯೋ ಮಾಡುವವರಿದ್ದರು. ಖಾಜಾ ಹುಸೇನ್ ಎಲ್ಲರ ಕೈಗೂ ಹಗ್ಗ ಕೊಟ್ಟರು, ಯಾರನ್ನೂ ಹೊಗಳಲಿಲ್ಲ. ದಸರಾ ಬರುವಷ್ಟರಲ್ಲಿ ಗುಂಪು ಕರಗಿತು. ಭತ್ತದ ಕೊಯ್ಲಿಗೆ ಇನ್ನಷ್ಟು ಜನ ಹೋದರು. ಲತಾಳಿಗೆ ಬೇಸರವೇನೂ ಆಗಲಿಲ್ಲ. ಹೋಗುವವರು ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು.

ತೋಟಪ್ಪ ಉಳಿದ. ಯಾರೂ ನಿರೀಕ್ಷಿಸದಿದ್ದ ಉಚ್ಚೆಂಗೆಮ್ಮ ಕೂಡ ಉಳಿದಳು. ಅರವತ್ತು ಸಮೀಪಿಸಿದ ಹೆಂಗಸು. ಸೆರಗು ಸಿಕ್ಕಿಸಿ ಎಸೆದರೆ ಚೀಲ ಅವಳ ಕಾಲ ಮುಂದೆಯೇ ಬೀಳುತ್ತಿತ್ತು. ದನ ಹೊಡೆದುಕೊಂಡು ಹೋಗುವವರು ನಿಂತು ನಗುತ್ತಿದ್ದರು. ಅವಳು ಅವರ ಕಡೆ ನೋಡದೆ ಹಗ್ಗ ಸುತ್ತಿಕೊಳ್ಳುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ ಅವಳ ಚೀಲ ಮೊದಲ ಸಲ ಮರಳು ದಾಟಿ ನೀರಿಗೆ ಬಿತ್ತು. ಅವಳು ತಿರುಗಿ ಲತಾಳನ್ನು ನೋಡಿದಳು.

"ಬಿತ್ತಲ್ಲೇ."

"ಬಿತ್ತು, ಅಮ್ಮ" ಎಂದಳು ಲತಾ. "ಎಳ್ಕಳ್ರಿ."